ಬಾಲಕರೂ ಹೊಡೆದಾಟದ ಚಿತ್ರಗಳೂ

ಬಹುಪಾಲು ಆಂಧ್ರದ ಸೀಮೆಯಿಂದ ಸುತ್ತುವರಿದ ನಮ್ಮ ಪಾವಗಡದಲ್ಲಿ ಕನ್ನಡ, ತೆಲುಗು ಎರಡರ ಚಲಚ್ಚಿತ್ರಗಳಿಗೂ ಆದರವುಂಟು. ಹಿರಿಯರೊಡನೆ ಮಕ್ಕಳೂ ಕುಳಿತು ನೋಡುವರು. "ಸರ್ಕಾರವೇ ಯು/ಎ ಎಂದು ಅಪ್ಪಣೆಯಿತ್ತಿರುವಾಗ ನಮ್ಮದೇನು ಅಡ್ಡಿ?" ಎನ್ನುವ ವಿದ್ಯಾವಂತ ತಂದೆಯರನ್ನು ಕಂಡಿದ್ದೇವೆ. ಆ ಮಹಾಶಯರು ಅಕ್ಷರಗಳನ್ನು ಓದಿದರೇ ಹೊರತು ಅರ್ಥವನ್ನು ಓದಲಿಲ್ಲ. ಅದು ಅಪ್ಪಣೆಯಲ್ಲ, ವಿವೇಚನೆಯ ಭಾರವನ್ನು ತಂದೆತಾಯಿಗಳ ಹೆಗಲಿಗೇರಿಸುವ ಪತ್ರ. 2023ರ ತಿದ್ದುಪಡಿಯು ಅದನ್ನೇ 7, 13, 16 ವರ್ಷಗಳೆಂದು ವಿಂಗಡಿಸಿತು.

2022ರಲ್ಲಿ ಯು/ಎ ಪತ್ರದೊಡನೆ ಬಂದ 'ಕೆ.ಜಿ.ಎಫ್. ಚಾಪ್ಟರ್ 2'ರಲ್ಲಿ ನಾಯಕನು ಪೊಲೀಸ್ ಠಾಣೆಯ ಮೇಲೆ ಗುಂಡಿನ ಮಳೆಗರೆದು, ಕಾದು ಕೆಂಪಾದ ನಳಿಗೆಯಿಂದ ಸಿಗರೇಟು ಹೊತ್ತಿಸಿಕೊಳ್ಳುತ್ತಾನೆ. ಚಿತ್ರದಲ್ಲಿ ಕೌಶಲವಿಲ್ಲವೆಂದು ನಾವೆನ್ನುವುದಿಲ್ಲ, ಕೌಶಲವಿರುವುದರಿಂದಲೇ ಭಯ. 2018ರ ಮೊದಲ ಭಾಗದಲ್ಲಾದರೋ, ಪೊಲೀಸ್ ಅಧಿಕಾರಿಯ ತಲೆಗೆ ಬಾಟಲಿಯಿಂದ ಹೊಡೆದು ಹೆಸರು ಗಳಿಸುವವನು ಒಬ್ಬ ಬಾಲಕ! ಎಂಟು ವರ್ಷದ ಹುಡುಗನು ತನ್ನನ್ನು ಯಾರಲ್ಲಿ ಕಾಣುವನೆಂದು ಬಿಡಿಸಿ ಹೇಳಬೇಕೆ?

ನಮ್ಮ ಬಯಲಾಟಗಳಲ್ಲಿ ವಧೆಯಿಲ್ಲವೆ, ಎಂದು ಆಕ್ಷೇಪಿಸುವರು. ಉಂಟು. ಆದರೆ ಅಲ್ಲಿ ಕಥೆಯನ್ನು ತಿಳಿಸಲು ಭಾಗವತನಿದ್ದಾನೆ. ಬಿದ್ದವನಿಗಾಗಿ ಅಳುವವರೂ ರಂಗಕ್ಕೆ ಬರುತ್ತಾರೆ. ರನ್ನನ ದುರ್ಯೋಧನನು ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರದೆದುರು ನಿಂತು ಅವನ ಶೌರ್ಯವನ್ನು ಕೊಂಡಾಡುತ್ತಾನೆ. ಇಲ್ಲಿಯೋ? ತಾಯಿಗಿತ್ತ ಮಾತಿನ ಮೇಲೆಯೇ ನಿಂತ ಕಥೆಯಲ್ಲಿ, ನಾಯಕನು ಕೆಡಹಿದವರಿಗೆ ಮಾತ್ರ ಹೆಸರಿಲ್ಲ, ತಾಯಿಯೂ ಇಲ್ಲ. ಲೆಕ್ಕವಷ್ಟೇ.

ಮಗುವನ್ನು ಕರೆದೊಯ್ಯುವ ಮುನ್ನ ತಂದೆಯೊಬ್ಬನೇ ಹೋಗಿ ನೋಡಿಬರಲಿ. ಹೆಚ್ಚೆಂದರೆ ಮೂರು ಗಂಟೆಯ ಹೊತ್ತು. ಮಗುವಿಗೊಂದು ಅಂಗಿ ಕೊಳ್ಳಲು ಅರ್ಧ ದಿವಸ ಅಂಗಡಿಗಳನ್ನು ಅಲೆಯುವವರಿಗೆ ಇದು ಭಾರವೆ?