ಆಫೀಸಿನ ಟೈಮ್ ಬದಲಾಯ್ತು, ಅವ್ವಗ ನೆರಳು ಬರಲಿಲ್ಲ

ಮೊದಲ್ನೇ ಫೋಟೋ ಸರಿಯಾಗಿ ನೋಡ್ರಿ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ನಮ್ಮವ್ವ ಕಾಯಿಪಲ್ಲೆ ಬುಟ್ಟಿ ಮುಂದ ಕುಂತಾಳ. ಮೆಂತ್ಯೆ ಸೊಪ್ಪಿನ ಮ್ಯಾಲ ಹಸಿ ಗೋಣಿಚೀಲ ಹೊಚ್ಚ್ಯಾಳ, ತನ್ನ ತಲಿ ಮ್ಯಾಲ ಬರೀ ಸೆರಗು. ಸೊಪ್ಪಿಗೆ ನೆರಳದ, ಅವ್ವಗ ಇಲ್ಲ.

ಎರಡನೇ ಫೋಟೋ ಅದೇ ಹೊತ್ತಿಂದು. ಸರ್ಕಾರಿ ಕಚೇರಿ, ಬಾಗಿಲಿಗೆ ಕೀಲಿ. ಯಾಕಂದ್ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಕಚೇರಿಗಳು ಮುಂಜಾನೆ 8ರಿಂದ ಮಧ್ಯಾಹ್ನ 1.30ರ ತನಕ ಅಷ್ಟೇ. ಇದು ತಪ್ಪು ಅಂತ ನಾನು ಹೇಳಂಗಿಲ್ಲ. ಸರಿಯಾದ ನಿರ್ಧಾರನೇ. ಆದರೆ ಇದರ ಅರ್ಥ ಏನು? ಇಲ್ಲಿನ ಬಿಸಿಲು ಮನುಷ್ಯರು ತಡಕೊಳ್ಳೋವಂಥದ್ದಲ್ಲ ಅಂತ ಸರ್ಕಾರ ಆದೇಶ ಮಾಡಿ ಒಪ್ಪಿಕೊಂಡದ. ಹಂಗಾದ್ರ ರಸ್ತೆ ಬದಿಗೆ ಕುಂತವರೂ ಮನುಷ್ಯರೇ ಅಲ್ಲೇನ್ರಿ?

ಹವಾಮಾನ ಬದಲಾವಣೆ ಅಂದ್ರ ನಮಗೆ ಐದು ಮಾರ್ಕ್ಸಿನ ಪ್ರಶ್ನೆ. ಹಿಮ ಕರಗ್ತದ, ಹಿಮಕರಡಿ ಸಾಯ್ತದ ಅಂತ ಬರೀತೀವಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಉಕ್ಕಿದ್ದು, 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದು ಯಾರೂ ಬರೆಯಂಗಿಲ್ಲ. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಸುರಪುರ ಭಾಗದ ನೀಲಕಂಠರಾಯನಗಡ್ಡಿ ಸಂಪರ್ಕ ಕಳಕೊಂಡದ್ದು, ಅದೂ ಬರೆಯಂಗಿಲ್ಲ. ಪ್ರತಿ ಪ್ರವಾಹಕ್ಕೂ ಹವಾಮಾನ ಬದಲಾವಣೆಯೊಂದೇ ಕಾರಣ ಅಲ್ಲ, ಅದು ನನಗೂ ಗೊತ್ತು. ಆದರೆ ಭೂಮಿ ಬಿಸಿ ಆದಷ್ಟು ಸುಡೋ ಬಿಸಿಲು, ಒಮ್ಮೆಲೇ ಸುರಿಯೋ ಮಳೆ ಎರಡೂ ಹೆಚ್ಚಾಗ್ತವ. ನಮ್ಮ ಜಿಲ್ಲೆಗೆ ಎರಡೂ ಪೆಟ್ಟು.

"ಅದನ್ನ ದಿಲ್ಲಿ ನೋಡ್ಕೊಳ್ತದ, ವಿಶ್ವಸಂಸ್ಥೆ ನೋಡ್ಕೊಳ್ತದ" ಅಂತೀರಿ. ದೊಡ್ಡದನ್ನ ಅವರು ನೋಡ್ಲಿ. ಆದರೆ ಬಜಾರದ ನೆರಳು, ಚರಂಡಿ, ಊರ ಕೆರೆ, ಬೆಂಕಿ ಹಚ್ಚಿದ ಕಸದ ಗುಡ್ಡೆ, ಬೀದಿ ದೀಪ – ಇವು ನಗರಸಭೆ, ಗ್ರಾಮ ಪಂಚಾಯಿತಿ ಕೆಲಸ. ಅಹಮದಾಬಾದಿನಲ್ಲಿ 2010ರ ಬಿಸಿಗಾಳಿಗೆ ಬಹಳ ಜನ ಸತ್ತರು. 2013ರಲ್ಲಿ ಅಲ್ಲಿನ ಪಾಲಿಕೆನೇ ಬಿಸಿಲಿನ ಯೋಜನೆ ತಯಾರು ಮಾಡ್ತು. ಮುನ್ನೆಚ್ಚರಿಕೆ, ಕುಡಿಯೋ ನೀರು, ಆಸ್ಪತ್ರೆ ತಯಾರಿ, ಆಮೇಲೆ ಮಾಳಿಗೆಗೆ ಬಿಳಿ ಬಣ್ಣ. ಊರಿನ ಆಡಳಿತ ಮನಸು ಮಾಡಿದ್ರ ಆಗ್ತದ. ಮನಸು ಮಾಡಸೋದು ನಮ್ಮ ಕೆಲಸ.

ಹೋದ ಬ್ಯಾಸಗಿ ನಾವು ಆರು ಮಂದಿ ಒಂದು ಕಚೇರಿಗೆ ಹೋಗಿ ಅರ್ಜಿ ಕೊಟ್ವಿ. ಊರು, ಕಚೇರಿ ಯಾವುದು ಅಂತ ಹೇಳಂಗಿಲ್ಲ. "ಪರಿಸರ ಉಳಿಸಿ, ನಮ್ಮ ಊರು ತಂಪಾಗಿಸಿ" ಅಂತ ಎರಡು ಪುಟ. ಫೋಟೋ ತಗೊಂಡ್ವಿ, ಸ್ಟೋರಿ ಹಾಕಿದ್ವಿ, ಲೈಕ್ ಬಂದ್ವು. ತಿಂಗಳ ಮ್ಯಾಲ ಹೋಗಿ ಕೇಳಿದ್ರ, "ಯಾವ ಅರ್ಜಿ ತಮ್ಮಾ?" ಅಂದ್ರು. ನಮ್ಮ ಕೈಯಾಗ ಸ್ವೀಕೃತಿ ಇಲ್ಲ, ಸಿಕ್ಕಾ ಇಲ್ಲ, ನಂಬರ್ ಇಲ್ಲ. ಬಿಕಾಂ ಓದೋರು ನಾವು, ರಸೀದಿ ಇಲ್ಲದೇ ವ್ಯವಹಾರ ಮಾಡಿದ್ವಿ!

ಅವತ್ತು ಕಲಿತದ್ದು ಹೇಳ್ತೀನಿ.

ಒಂದು. ದೊಡ್ಡ ಮಾತು ಬ್ಯಾಡ, ಸಣ್ಣ ಕೆಲಸ ಕೇಳ್ರಿ. "ಊರು ತಂಪಾಗಿಸಿ" ಅಂದ್ರ ಯಾರೂ ಮಾಡಂಗಿಲ್ಲ. "ಈ ಜಾಗದಾಗ ನೆರಳಿನ ತಟ್ಟಿ, ಒಂದು ಕುಡಿಯೋ ನೀರಿನ ತೊಟ್ಟಿ, ಮಾರ್ಚ್ ಮುಗಿಯೋದ್ರೊಳಗ" ಅಂದ್ರ, ಮಾಡಿದ್ರು ಇಲ್ಲಾ ಮಾಡಲಿಲ್ಲ ಅಂತ ಎಲ್ಲರಿಗೂ ಕಾಣ್ತದ.

ಎರಡು. ಬ್ಯಾಸಗ್ಯಾಗ ಕೇಳಬ್ಯಾಡ್ರಿ, ಬಜೆಟ್‌ಗೆ ಮುಂಚೆ ಕೇಳ್ರಿ. ನಗರಸಭೆ ಬಜೆಟ್ ಮಂಡಿಸೋ ಮೊದಲು ಸಾರ್ವಜನಿಕರ ಸಲಹೆಗೆ ಪೂರ್ವಭಾವಿ ಸಭೆ ಕರೀತಾರ. ನಮ್ಮ ವಯಸ್ಸಿನವರು ಎಷ್ಟು ಮಂದಿ ಹೋಗೀವಿ? ಆ ಬಜೆಟ್‌ನಲ್ಲಿ ಶೇ 24.10, ಶೇ 7.25, ಶೇ 5 ಅಂತ ಪರಿಶಿಷ್ಟರಿಗೆ, ಇತರ ಬಡವರಿಗೆ, ಅಂಗವಿಕಲರಿಗೆ ಹಣ ಮೀಸಲು ಇರ್ತದ. ಆ ಹೆಸರಿನ ಖಾತೆ ಇರೋದಕ್ಕೇ "ಆ ರೊಕ್ಕ ಎಲ್ಲಿ ಹೋಯ್ತು" ಅಂತ ಕೇಳ್ಲಿಕ್ಕೆ ಬರ್ತದ. ಬಿಸಿಲಿಗೂ ಒಂದು ಸಾಲು ಬೇಕು. ಲೆಡ್ಜರ್‌ನಾಗ ಖಾತೆನೇ ಇಲ್ಲಂದ್ರ ಖರ್ಚು ಎಲ್ಲಿ ಬರೀತಾರ? ಹಳ್ಳಿಯವರಿಗೆ ವಾರ್ಡ್ ಸಭೆ, ಗ್ರಾಮ ಸಭೆ ಅವ. ಮಾತಾಡಿ ಬರಬ್ಯಾಡ್ರಿ, ನಡಾವಳಿಯಲ್ಲಿ ಬರೆಸಿ ಬರ್ರಿ.

ಮೂರು. ಸ್ವೀಕೃತಿ ತಗೊಳ್ರಿ. ಉತ್ತರ ಬರಲಿಲ್ಲಂದ್ರ ಮಾಹಿತಿ ಹಕ್ಕು ಅದ. 10 ರೂಪಾಯಿ ಶುಲ್ಕ, ಬಿಪಿಎಲ್ ಇದ್ದವರಿಗೆ ಅದೂ ಇಲ್ಲ. ಒಂದೇ ವಿಷಯ, 150 ಪದದೊಳಗ. 30 ದಿನದಾಗ ಉತ್ತರ ಕೊಡಬೇಕು.

ನಾಲ್ಕು. ಬಿಡಬ್ಯಾಡ್ರಿ. ಗದಗಿನ ಕಪ್ಪತಗುಡ್ಡ ನೆನಪು ಮಾಡ್ಕೊಳ್ರಿ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂದ ಸರ್ಕಾರ 2016ರಲ್ಲಿ ಆ ಆದೇಶ ವಾಪಸ್ ತಗೊಂಡ್ತು. ಜನ ಬೀದಿಗಿಳಿದರು. 2017ರಲ್ಲಿ ಆದೇಶ ಮತ್ತೆ ಬಂತು, 2019ರಲ್ಲಿ ವನ್ಯಜೀವಿ ಧಾಮನೇ ಆಯ್ತು. ಒಂದು ದಿನದ ಸ್ಟೋರಿಯಿಂದ ಆದದ್ದಲ್ಲ ಅದು.

ನನ್ನ ದೋಸ್ತ್ ಒಬ್ಬ ಕೇಳಿದ, "ನಾಕು ತಟ್ಟಿ ಕಟ್ಟಿದ್ರ ಭೂಮಿ ತಂಪಾಗ್ತದೇನಲೇ?" ಆಗಂಗಿಲ್ಲ. ಆದರೆ ನಮ್ಮವ್ವಗ ಈ ವರ್ಷದ ಬಿಸಿಲು ತಪ್ತದ. ಮತ್ತ ಇವತ್ತು ನೆರಳು ಕೇಳಿ ಪಡೆದವರು ನಾಳೆ ಕೆರೆ ಕೇಳ್ತಾರ. ಸುರಪುರದ ಬೋನಾಳ ಕೆರೆ ಅಲ್ಲಿನ ಅರಸರ ಕಾಲದ್ದು, ಆಮೇಲೆ ಮೆಡೋಸ್ ಟೇಲರ್ ಅದನ್ನ ಅಭಿವೃದ್ಧಿ ಮಾಡಿದ. ಇವತ್ತು ಅದು ಪಕ್ಷಿಧಾಮ. ಅವತ್ತಿನ ಊರ ಆಡಳಿತ ಮಾಡಿದ ಕೆಲಸಕ್ಕೆ ಇವತ್ತಿಗೂ ಹಕ್ಕಿ ಬರ್ತಾವ.

ಜೂನ್ 5ಕ್ಕ ಸಸಿ ಹಿಡಿದು ಫೋಟೋ ಎಲ್ಲರೂ ಹಾಕ್ತೀವಿ. ಈ ಸಲ ಸಿಕ್ಕಾ ಬಿದ್ದ ಅರ್ಜಿ ಹಿಡಿದು ಹಾಕೋಣ. ಯಾದಗಿರಿ, ಶಹಾಪುರ, ಸುರಪುರ – ನಿಮ್ಮ ವಾರ್ಡಿನಾಗ ಜನ ಬಿಸಿಲಿಗೆ ಕುಂತಿರೋ ಒಂದು ಜಾಗ ಕಮೆಂಟ್‌ನಲ್ಲಿ ಬರೀರಿ. ಮುಂದಿನ ಪೋಸ್ಟ್‌ನಲ್ಲಿ ಅರ್ಜಿ ನಮೂನೆ ಹಾಕ್ತೀನಿ. ಅವ್ವನ ಜಾಗದ ಅರ್ಜಿ ನಾನೇ ಮೊದಲು ಕೊಡ್ತೀನಿ. ಈ ಸಲ ರಸೀದಿ ಸಮೇತ.

#ಬಿಸಿಲಿಗೊಂದುಸಾಲು #ಯಾದಗಿರಿ #ಶಹಾಪುರ #ಸುರಪುರ