ಸೋರುವ ಕಿವಿಗೆ ಶಸ್ತ್ರಚಿಕಿತ್ಸೆ, ಮಗ್ಗದ ಸದ್ದಿಗೆ ಕಡಿವಾಣ

ಕುರುಡನನ್ನು ಕಂಡರೆ ನಾವು ಕೈಹಿಡಿದು ರಸ್ತೆ ದಾಟಿಸುತ್ತೇವೆ. ಕಿವುಡನನ್ನು ಕಂಡರೆ ನಗುತ್ತೇವೆ. ನಮ್ಮ ಗಾದೆಗಳೂ ನಾಟಕಗಳೂ ಕಿವುಡನನ್ನು ಹಾಸ್ಯದ ವಸ್ತುವಾಗಿಯೇ ಬಳಸಿಕೊಂಡಿವೆ. ಕಿವಿಯ ರೋಗ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದಲೇ ಸರಕಾರದ ಲೆಕ್ಕದಲ್ಲಿ, ಮಾಲೀಕನ ಲೆಕ್ಕದಲ್ಲಿ, ಕೊನೆಗೆ ಮನೆಯವರ ಲೆಕ್ಕದಲ್ಲಿ ಕೂಡ ಅದಕ್ಕೆ ಕಡೆಯ ಸ್ಥಾನ. ಕಿವಿ ಮಂದವಾದ ಕೆಲಸಗಾರ ‘ಗಮನವಿಲ್ಲದವನು’ ಎನಿಸಿಕೊಳ್ಳುತ್ತಾನೆ. ಕಿವಿ ಮಂದವಾದ ಅಂಗಡಿಕಾರನಿಗೆ ಗಿರಾಕಿ ಎರಡು ಸಲ ಕೂಗಿ ಹೇಳುತ್ತಾನೆ, ಮೂರನೆಯ ಸಲ ಪಕ್ಕದ ಅಂಗಡಿಗೆ ಹೋಗುತ್ತಾನೆ. ಕಿವಿ ಸೋರುವ ಹುಡುಗ ಶಾಲೆಯಲ್ಲಿ ‘ದಡ್ಡ’ ಎನಿಸಿಕೊಂಡು ಹಿಂದಿನ ಬೆಂಚಿಗೆ ಹೋಗುತ್ತಾನೆ; ಅಲ್ಲಿ ಅವನಿಗೆ ಇನ್ನೂ ಕಡಿಮೆ ಕೇಳಿಸುತ್ತದೆ.

ಇದು ಎಲ್ಲೋ ಕೆಲವರ ದುರದೃಷ್ಟದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣದೋಷವಿದೆ. ಅವರಲ್ಲಿ ಸುಮಾರು 43 ಕೋಟಿ ಜನರ ಸ್ಥಿತಿ ನೆರವಿಲ್ಲದೆ ನಡೆಯದಂಥದು. ಮಕ್ಕಳ ಶ್ರವಣದೋಷದಲ್ಲಿ ನೂರಕ್ಕೆ ಅರವತ್ತರಷ್ಟನ್ನು ತಡೆಗಟ್ಟಬಹುದು ಎಂದೂ ಆ ಸಂಸ್ಥೆ ಹೇಳಿದೆ. ತಡೆಯಬಹುದಾದದ್ದನ್ನು ತಡೆಯದೆ ಬಿಟ್ಟು, ಆಮೇಲೆ ಅದನ್ನು ಹಣೆಬರಹವೆನ್ನುವುದು ನ್ಯಾಯವಲ್ಲ.

ದುಡಿಯುವ ಜನ ಮೊದಲು ತಿಳಿಯಬೇಕಾದ ಮಾತೆಂದರೆ, ಕಿವುಡು ಒಂದೇ ಬಗೆಯದಲ್ಲ. ಹೊರಗಿನ ಸದ್ದು ಕಿವಿಯೊಳಗೆ ಬಂದು ಅಲ್ಲಿಯ ತಮಟೆಯನ್ನು ನಡುಗಿಸುತ್ತದೆ. ತಮಟೆಯ ಹಿಂದಿರುವ ಮೂರು ಪುಟ್ಟ ಮೂಳೆಗಳು ಆ ನಡುಕವನ್ನು ಒಳಗಿವಿಗೆ ದಾಟಿಸುತ್ತವೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿದ ಕೊಳವೆಯೊಂದಿದೆ. ಅದರೊಳಗಿನ ಸುಮಾರು 15 ಸಾವಿರ ರೋಮಕೋಶಗಳು ಸದ್ದನ್ನು ನರದ ಮೂಲಕ ಮಿದುಳಿಗೆ ಕಳಿಸುತ್ತವೆ. ತಮಟೆಯೋ ಮೂಳೆಯೋ ಕೆಟ್ಟರೆ ಅದು ದಾರಿ ಕೆಟ್ಟಂತೆ. ದಾರಿಯನ್ನು ರಿಪೇರಿ ಮಾಡಬಹುದು. ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲನೆಯ ಕಿವುಡಿಗೆ ಶಸ್ತ್ರವೈದ್ಯನಲ್ಲಿ ಉತ್ತರವಿದೆ. ಎರಡನೆಯದನ್ನು ತಡೆಯುವ ಉತ್ತರ ಕಾರ್ಖಾನೆಯ ಮಾಲೀಕನಲ್ಲಿದೆ.

ಮೊದಲನೆಯದನ್ನು ನೋಡೋಣ. ಬಡವರ ಮನೆಗಳಲ್ಲಿ ಅತಿ ಸಾಮಾನ್ಯವಾದದ್ದು ಕಿವಿ ಸೋರುವ ರೋಗ. ಗಂಟಲಿಗೂ ಕಿವಿಗೂ ಒಂದು ಸಣ್ಣ ನಾಳದ ಸಂಬಂಧವಿದೆ. ಪದೇ ಪದೇ ಬರುವ ನೆಗಡಿಯ ಸೋಂಕು ಆ ನಾಳದಿಂದ ಕಿವಿಗೆ ಏರುತ್ತದೆ. ಕೀವು ಕಟ್ಟಿ ತಮಟೆ ತೂತಾಗುತ್ತದೆ. ಇಕ್ಕಟ್ಟಾದ ಮನೆ, ಅಡಿಗೆಯ ಹೊಗೆ, ಅರೆಹೊಟ್ಟೆ ಇವೆಲ್ಲ ರೋಗಕ್ಕೆ ಗೊಬ್ಬರ. ಮನೆಯವರು ಕಾಸಿದ ಎಣ್ಣೆ ಬಿಡುತ್ತಾರೆ, ಸೊಪ್ಪಿನ ರಸ ಹಿಂಡುತ್ತಾರೆ, ಕಡ್ಡಿ ಹಾಕಿ ಕೆದಕುತ್ತಾರೆ. ಇದರಿಂದ ರೋಗ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ವೈದ್ಯರು ಕೊಡುವ ತೊಟ್ಟು ಔಷಧಿಯಿಂದಲೂ, ನೀರು ಹೋಗದಂತೆ ಕಾಯುವುದರಿಂದಲೂ ಸೋರುವುದು ನಿಲ್ಲಬಹುದು. ಆಮೇಲೂ ತೂತು ಮುಚ್ಚದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕಿವಿಯ ಮೇಲ್ಭಾಗದ ಸ್ನಾಯುವಿನ ತೆಳುಪೊರೆಯನ್ನು ತೆಗೆದು ತಮಟೆಗೆ ತೇಪೆ ಹಾಕುತ್ತಾರೆ. ನುರಿತ ಕೈಯಲ್ಲಿ ಹತ್ತರಲ್ಲಿ ಎಂಟು ಒಂಬತ್ತು ತೇಪೆಗಳು ಹಿಡಿಯುತ್ತವೆ.

ಆದರೆ ಸೋರುವ ಕಿವಿಯಲ್ಲೇ ಇನ್ನೊಂದು ಅಪಾಯದ ಬಗೆ ಇದೆ. ಅದರಲ್ಲಿ ಸೋರುವುದು ಕೊಂಚ, ನಾತ ಬಹಳ. ತಮಟೆಯ ಚರ್ಮ ಒಳಮುಖವಾಗಿ ಬೆಳೆದು ಮೂಳೆಯನ್ನು ಕೊರೆಯುತ್ತ ಹೋಗುತ್ತದೆ. ಮುಖದ ನರ ಕೆಟ್ಟು ಬಾಯಿ ಸೊಟ್ಟಗಾಗಬಹುದು. ಕೀವು ಮಿದುಳಿಗೆ ಏರಿ ಪ್ರಾಣವೇ ಹೋಗಬಹುದು. ಇದಕ್ಕೆ ತೊಟ್ಟು ಔಷಧಿ ಸಾಲದು, ಕಿವಿಯ ಹಿಂದಿನ ಮೂಳೆಯನ್ನು ಕೊರೆದು ರೋಗವನ್ನು ಬೇರುಸಹಿತ ತೆಗೆಯಬೇಕು. ಸೋರುವ ಕಿವಿಯ ಜೊತೆಗೆ ತಲೆನೋವು, ತಲೆಸುತ್ತು, ಜ್ವರ ಬಂದರೆ ಒಂದು ದಿನವೂ ಕಾಯಕೂಡದು.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಕಿವಿಯ ಹಿಂದಿನ ಮೂಳೆಯ ಶಸ್ತ್ರಚಿಕಿತ್ಸೆಯನ್ನು ಜರ್ಮನಿಯ ಶ್ವಾರ್ಟ್ಸ್ 1873ರಲ್ಲೇ ವಿವರಿಸಿದ. ತಮಟೆಯನ್ನು ಮರಳಿ ಕಟ್ಟುವ ಕ್ರಮವನ್ನು 1950ರ ದಶಕದ ಆರಂಭದಲ್ಲಿ ಜರ್ಮನಿಯವರೇ ಆದ ವುಲ್‌ಸ್ಟೈನ್ ಮತ್ತು ತ್ಸೋಲ್ನರ್ ರೂಪಿಸಿದರು. ಸೂಕ್ಷ್ಮದರ್ಶಕದ ಕೆಳಗೆ ಶಸ್ತ್ರಚಿಕಿತ್ಸೆ ಮಾಡುವುದು ಅದೇ ಕಾಲದಲ್ಲಿ ಬಳಕೆಗೆ ಬಂತು. ಮೂರು ಮೂಳೆಗಳಲ್ಲಿ ಕೊನೆಯದು ಅಂಟಿಕೊಂಡು ಬರುವ ಕಿವುಡಿಗೆ, ಆ ಮೂಳೆಯನ್ನು ತೆಗೆದು ಬದಲಿ ಇಡುವ ಕ್ರಮವನ್ನು 1956ರಲ್ಲಿ ಅಮೆರಿಕದ ಜಾನ್ ಶೀ ಮಾಡಿ ತೋರಿಸಿದ. ಎಪ್ಪತ್ತು ವರ್ಷಗಳಷ್ಟು ಹಳೆಯದಾದ ಈ ವಿದ್ಯೆ ಬಡವನ ಕಿವಿಗೆ ಇಂದಿಗೂ ದೂರವಾಗಿದ್ದರೆ, ಕೊರತೆ ಇರುವುದು ವಿದ್ಯೆಯಲ್ಲಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆಪಡಲು ಕಾರಣವಿದೆ. ದೇಶಕ್ಕೇ ಸೇರಿದ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದದ್ದು ಮೈಸೂರಿನಲ್ಲಿ. ಕಿವುಡು ತಡೆಗಟ್ಟುವ ರಾಷ್ಟ್ರೀಯ ಕಾರ್ಯಕ್ರಮ 2006–07ರಲ್ಲಿ ಆರಂಭವಾಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಗುರುತಿಸಿ ಜಿಲ್ಲಾಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಬೇಕೆಂಬುದು ಅದರ ಉದ್ದೇಶ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒಪ್ಪಿಕೊಂಡಿತು. ಕಾಗದದ ಮೇಲೆ ಇದೆಲ್ಲ ಸರಿಯೇ. ಆದರೆ ಚೀಟಿ ಬರೆದುಕೊಟ್ಟು ದೊಡ್ಡ ಊರಿಗೆ ಕಳಿಸುವುದೇ ಚಿಕಿತ್ಸೆಯಾಗಲಾರದು. ಬಸ್ಸಿನ ಖರ್ಚು ಯಾರದು? ಜೊತೆಗೆ ಹೋದವನ ಕೂಲಿ ಯಾರದು? ಶಸ್ತ್ರಚಿಕಿತ್ಸೆಯ ಮೇಲೆ ಒಂದೆರಡು ವಾರವಾದರೂ ಭಾರ ಎತ್ತಕೂಡದು. ಆ ದಿನಗಳ ಒಲೆ ಉರಿಯುವುದು ಹೇಗೆ?

ಇ.ಎಸ್.ಐ. ಇರುವ ಕೆಲಸಗಾರನಿಗೆ ಕಾಯಿಲೆಯ ಕಾಲದಲ್ಲಿ ಕೂಲಿಯ ನೂರಕ್ಕೆ ಎಪ್ಪತ್ತರಂತೆ ವರ್ಷಕ್ಕೆ 91 ದಿನಗಳವರೆಗೆ ಭತ್ಯೆ ಉಂಟು. ಅದು ಭಿಕ್ಷೆಯಲ್ಲ, ಅವನ ಕೂಲಿಯಿಂದಲೂ ವಂತಿಗೆ ಹೋಗಿದೆ. ಆದರೆ ಐದಾರು ಮಂದಿ ದುಡಿಯುವ ಮಗ್ಗದ ಶೆಡ್ಡಿಗೆ ಇ.ಎಸ್.ಐ. ಇಲ್ಲ. ತಕ್ಕಡಿ ಹಿಡಿದ ಚಿಕ್ಕ ವ್ಯಾಪಾರಿಗೂ ಇಲ್ಲ. ಅಂಗಡಿ ಮುಚ್ಚಿದ ದಿನ ಅವನಿಗೆ ಕೂಲಿಯೂ ಇಲ್ಲ, ಭತ್ಯೆಯೂ ಇಲ್ಲ. ಈ ವಿಷಯದಲ್ಲಿ ಗಿರಣಿಯವನೂ ಅಂಗಡಿಯವನೂ ಒಂದೇ ದೋಣಿಯಲ್ಲಿದ್ದಾರೆ. ಶಸ್ತ್ರಚಿಕಿತ್ಸೆ ಇಬ್ಬರಿಗೂ ತಮ್ಮ ಊರಿನ ಜಿಲ್ಲಾಸ್ಪತ್ರೆಯಲ್ಲೇ ಸಿಕ್ಕಬೇಕು.

ಇನ್ನು ಎರಡನೆಯ ಕಿವುಡು. ತಾಮ್ರ ಬಡಿಯುವವರು ಕಿವುಡರಾಗುತ್ತಾರೆಂದು ಇಟಲಿಯ ವೈದ್ಯ ರಾಮಝೀನಿ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟ. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಲ್ಲಿ ಮಗ್ಗದ ಸದ್ದಿನ ನಡುವೆ ಮಾತು ಕೇಳಿಸದೆ, ನೇಯುವ ಹೆಂಗಸರು ತುಟಿಯ ಚಲನೆಯಿಂದಲೇ ಮಾತಾಡಿಕೊಳ್ಳುತ್ತಿದ್ದರು. ಲಾಳಿ ಬಡಿಯುವ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ಮೀರುವುದು ಸಾಮಾನ್ಯ. ಪಾಳಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವುದೇ ಮೊದಲ ಎಚ್ಚರಿಕೆ. ಈ ಕಿವುಡು ಮೊದಲು ಕೀರಲು ಸದ್ದುಗಳನ್ನು ಕಸಿಯುತ್ತದೆ. ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಸಾಲ ಎಂದರೋ, ಕಾಲ ಎಂದರೋ, ಹಾಲು ಎಂದರೋ ಗೊತ್ತಾಗುವುದಿಲ್ಲ. ಹೀಗೆ ಸತ್ತ ರೋಮಕೋಶಗಳನ್ನು ಯಾವ ಶಸ್ತ್ರವೈದ್ಯನೂ ಬದುಕಿಸಲಾರ. ಒಳಗಿವಿಗೆ ವಿದ್ಯುತ್ ಸಾಧನ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದೆ, ನಿಜ. ಹುಟ್ಟುಗಿವುಡು ಮಕ್ಕಳಿಗೆ ಅದರಿಂದ ಮಾತೇ ಬಂದಿದೆ. ಆದರೆ ಲಕ್ಷಗಟ್ಟಲೆ ಬೆಲೆಯ ಆ ಸಾಧನ ತೀವ್ರ ಕಿವುಡಿಗೆ ಮಾಡಿದ್ದು. ಗಿರಣಿಯ ಅರೆಗಿವುಡಿಗೆ ಅದು ಉತ್ತರವಲ್ಲ. ಶ್ರವಣಯಂತ್ರ ಕೊಂಚ ನೆರವಾಗುತ್ತದೆ, ಹೋದದ್ದನ್ನು ತಂದುಕೊಡುವುದಿಲ್ಲ.

ಕಾಯಿದೆಗೆ ಇದು ಗೊತ್ತಿಲ್ಲವೆನ್ನುವಂತಿಲ್ಲ. 1948ರ ಫ್ಯಾಕ್ಟರಿ ಕಾಯಿದೆಗೆ ಆಮೇಲೆ ಬಂದ ತಿದ್ದುಪಡಿ, ಸದ್ದಿನಿಂದ ಬರುವ ಕಿವುಡನ್ನು ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪಟ್ಟಿಯಲ್ಲೂ ಅದು ಇದೆ. ಸದ್ದಿನಿಂದ ಕೆಟ್ಟ ಕಿವಿ ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗವೂ ಹೌದು. ಆದರೆ ಅಳೆಯದ ಕಿವಿಗೆ ದಾಖಲೆ ಇಲ್ಲ, ದಾಖಲೆ ಇಲ್ಲದ ರೋಗಕ್ಕೆ ಪರಿಹಾರವಿಲ್ಲ. ಕೆಲಸಕ್ಕೆ ಸೇರಿದ ದಿನ ಕಿವಿ ಹೇಗಿತ್ತೆಂದು ಬರೆದಿಡದಿದ್ದರೆ, ಇಪ್ಪತ್ತು ವರ್ಷಗಳ ಮೇಲೆ ‘ನಿನಗೆ ವಯಸ್ಸಾಯಿತು’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ.

‘ಕಿವಿಗೆ ಹತ್ತಿ ಇಟ್ಟುಕೊಳ್ಳಿ’ ಎಂದು ಕೆಲವು ಮಾಲೀಕರು ಉಪದೇಶಿಸುತ್ತಾರೆ. ಹತ್ತಿಯ ಉಂಡೆ ಈ ಸದ್ದನ್ನು ತಡೆಯಲಾರದು. ಸರಿಯಾದ ಕಿವಿಬಿರಡೆ ಬೇಕು. ಅದಕ್ಕಿಂತ ಮೊದಲು ಯಂತ್ರದ ಸದ್ದೇ ತಗ್ಗಬೇಕು. ಸವೆದ ಭಾಗಗಳನ್ನು ಬದಲಿಸುವುದು, ಅದುರುವಿಕೆ ಹೀರುವ ಹಾಸನ್ನು ಯಂತ್ರದ ಕೆಳಗೆ ಹಾಕುವುದು, ಮಾಡು ಗೋಡೆಗಳಿಗೆ ಸದ್ದು ಹೀರುವ ಹೊದಿಕೆ ಕೊಡುವುದು, ಒಬ್ಬನೇ ಇಡೀ ಪಾಳಿ ಸದ್ದಿನಲ್ಲಿ ನಿಲ್ಲದಂತೆ ಕೆಲಸ ಹಂಚುವುದು—ಇವು ಮಾಲೀಕನ ಕರ್ತವ್ಯ, ಉಪಕಾರವಲ್ಲ.

ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಕಿವಿಯ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕ, ವೈದ್ಯ ಮತ್ತು ವಾರದಲ್ಲಿ ಗೊತ್ತಾದ ದಿನ ಇರಬೇಕು. ಸದ್ದಿನ ಕೆಲಸ ಮಾಡುವ ಪ್ರತಿಯೊಬ್ಬನ ಕಿವಿಯನ್ನು ಕೆಲಸಕ್ಕೆ ಸೇರುವಾಗಲೂ, ಆಮೇಲೆ ವರ್ಷಕ್ಕೊಮ್ಮೆಯೂ ಕೂಲಿ ಕಡಿಯದೆ ಪರೀಕ್ಷಿಸಬೇಕು. ವರದಿಯ ಪ್ರತಿ ಕೆಲಸಗಾರನ ಕೈಗೆ ಬರಬೇಕು. ಇ.ಎಸ್.ಐ. ಇಲ್ಲದ ಶೆಡ್ಡುಗಳ ಕೆಲಸಗಾರರಿಗೂ ಚಿಕ್ಕ ವ್ಯಾಪಾರಿಗಳಿಗೂ ಚಿಕಿತ್ಸೆಯ ದಿನಗಳ ಭತ್ಯೆಗೆ ಸರಕಾರ ದಾರಿ ಮಾಡಬೇಕು.

ವಾಚಕರಲ್ಲಿ ನಮ್ಮ ಕೋರಿಕೆಯೂ ಇದೆ. ಮನೆಯಲ್ಲಿ ಮಗುವಿನ ಕಿವಿ ಸೋರುತ್ತಿದ್ದರೆ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೆ ನಾಚದೆ ಸಂಘದ ಮುಂದೆ ಹೇಳಿರಿ. ಒಬ್ಬನ ದೂರು ಗೊಣಗಾಟವಾಗುತ್ತದೆ, ನೂರು ಜನರ ಪರೀಕ್ಷಾ ವರದಿ ಸಾಕ್ಷ್ಯವಾಗುತ್ತದೆ. ಸೋರುವ ಕಿವಿಯನ್ನು ವೈದ್ಯ ಸರಿಪಡಿಸಬಲ್ಲ. ಮಗ್ಗದ ಸದ್ದನ್ನು ತಗ್ಗಿಸಬಲ್ಲದ್ದು ಕೆಲಸಗಾರರ ಒಗ್ಗಟ್ಟು ಮಾತ್ರ.