ಪ್ರಸಾದದ ಸಾಲಿಗೆ ಕ್ಯೂಆರ್ ಕೋಡ್ ಯಾಕೆ?



ಕರೆದ ಪ್ರತಿಯೊಬ್ಬರ ಹೆಸರಿಗೂ ಬೇರೆ ಬೇರೆ ಕ್ಯೂಆರ್ ಕೋಡ್ ಮುದ್ರಿಸಿ, ಬಾಗಿಲಲ್ಲಿ ಅದನ್ನು ಮೊಬೈಲಿನಿಂದ ಪರೀಕ್ಷಿಸಿ ಒಳಗೆ ಬಿಡುವ ಪದ್ಧತಿ ದೊಡ್ಡ ಮದುವೆಗಳಿಂದ ಈಗ ಶರಣರ ಹೆಸರಿನ ಸಮಾರಂಭಗಳಿಗೂ ಬಂದಿದೆ. ಮದುವೆಯವರು ಏನು ಬೇಕಾದರೂ ಮಾಡಿಕೊಳ್ಳಲಿ, ಅದು ಅವರ ಮನೆಯ ವಿಷಯ. ದಾಸೋಹ ನಡೆಯುವ ಜಾಗದಲ್ಲಿ ಇದು ಕೂಡದು ಎಂಬುದು ನನ್ನ ವಾದ.

ಪುಟ್ಟೇನಹಳ್ಳಿಯ ನಮ್ಮ ಬಡಾವಣೆಯಲ್ಲಿ ಬರುವ ಬಸವ ಜಯಂತಿಗೆ ಇಂಥದೇ ಏರ್ಪಾಡಾಗಿದೆ. ಆಹ್ವಾನ ಪತ್ರಿಕೆಯ ಕರಡು ನನ್ನ ಮುಂದಿದೆ. ಮೇಲ್ಗಡೆ, ಬಂದವನ ಗುರುತು ಕೇಳಬೇಡಿ ಎಂಬರ್ಥದ ಬಸವಣ್ಣನವರ ವಚನ. ಕೆಳಗಡೆ, ಬಂದವನ ಗುರುತು ಕೇಳುವ ಚೌಕ! ಚೌಕದ ಸುತ್ತಿನ ಅಂಚಿಗೆ ಮೂರು ಬಣ್ಣ. ಗಣ್ಯರಿಗೆ ಕೇಸರಿ, ದಾನಿಗಳಿಗೆ ಹಸಿರು, ಉಳಿದವರಿಗೆ ಕಪ್ಪು. ಕೋಡ್ ಬೇಕಾದವರು ಒಂದು ಅರ್ಜಿ ತುಂಬಬೇಕು. ಹೆಸರು, ಮೊಬೈಲ್ ಸಂಖ್ಯೆ, ಹುಟ್ಟೂರು, ಕೊನೆಗೆ ‘ಒಳಪಂಗಡ’. ಆ ಕಾಲಂ ಯಾಕಪ್ಪಾ ಎಂದು ಕೇಳಿದೆ. “ಮುಂದೆ ವಧು-ವರರ ಸಮಾವೇಶ ಮಾಡುವಾಗ ಉಪಯೋಗಕ್ಕೆ ಬರುತ್ತೆ ಸರ್” ಎಂದರು ಉತ್ಸಾಹಿ ಯುವಕರು. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣದಲ್ಲಿ ರಕ್ತ ಹರಿಯಿತು. ಆ ಕಲ್ಯಾಣದ ಹೆಸರು ಹೇಳುವ ನಾವು ಬಸವ ಜಯಂತಿಯ ನೆಪದಲ್ಲಿ ಒಳಪಂಗಡದ ಪಟ್ಟಿ ಕಟ್ಟುತ್ತಿದ್ದೇವೆ.

ಈ ಚೌಕದ ಹುಟ್ಟನ್ನೂ ಸ್ವಲ್ಪ ತಿಳಿಯೋಣ. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ಜೊತೆಗಾರರು ಇದನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಒಳ್ಳೆಯ ಕೆಲಸ, ಅದನ್ನು ಎಲ್ಲರೂ ಬಳಸಲೆಂದು ಬಿಟ್ಟುಕೊಟ್ಟದ್ದು ಇನ್ನೂ ಒಳ್ಳೆಯದು. ನಮ್ಮ ತರಕಾರಿ ಗಾಡಿಯವರೂ ಇದರಿಂದಲೇ ಹಣ ಪಡೆಯುತ್ತಾರೆ, ನಾನೂ ಕೊಡುತ್ತೇನೆ. ಆದರೆ ಜಂಗಮ ಬಿಡಿಭಾಗವಲ್ಲ.

ಇನ್ನು ಇದು ಕೆಲಸ ಮಾಡುವ ಬಗೆ. ಸಾಮಾನ್ಯ ಆಫ್‌ಸೆಟ್ ಮುದ್ರಣದಲ್ಲಿ ಒಂದು ಪ್ಲೇಟಿನಿಂದ ಸಾವಿರ ಪ್ರತಿ ಒಂದೇ ಥರ ಬರುತ್ತದೆ. ತಲೆಗೊಂದು ಕೋಡ್ ಬೇಕೆಂದರೆ ಪ್ರತಿ ಹಾಳೆಯೂ ಬೇರೆಯಾಗಬೇಕು. ಅದಕ್ಕೆ ಡಿಜಿಟಲ್ ಮುದ್ರಣ ಮಾಡಿಸಬೇಕು, ಇಲ್ಲವೇ ಸ್ಟಿಕ್ಕರ್ ಅಂಟಿಸಬೇಕು. ಖರ್ಚು ಹೆಚ್ಚು. ಹೋಗಲಿ, ಅಷ್ಟಾದರೂ ಬಾಗಿಲು ಭದ್ರವೇ? ಚೌಕದ ಫೋಟೋವನ್ನೂ ಯಂತ್ರ ಮೂಲದ ಹಾಗೆಯೇ ಓದುತ್ತದೆ. ಒಬ್ಬರು ಅದನ್ನು ವಾಟ್ಸಾಪಿನಲ್ಲಿ ಹತ್ತು ಜನಕ್ಕೆ ಕಳಿಸಿದರೆ ಮೊದಲು ಬಂದವರು ಒಳಗೆ ಹೋಗುತ್ತಾರೆ. ಪತ್ರಿಕೆಯನ್ನು ಸೆರಗಿನಲ್ಲಿ ಜೋಪಾನವಾಗಿ ಕಟ್ಟಿಕೊಂಡು ತಡವಾಗಿ ಬಂದ ಅಜ್ಜಿಗೆ ‘ಈಗಾಗಲೇ ಬಳಸಲಾಗಿದೆ’ ಎಂಬ ಕೆಂಪು ಅಕ್ಷರ. ಹೆಸರು, ಫೋನ್ ನಂಬರನ್ನು ಕೋಡಿನೊಳಗೇ ತುಂಬಿದರಂತೂ ದಾರಿಯಲ್ಲಿ ಬಿದ್ದ ಪತ್ರಿಕೆಯನ್ನು ಯಾರ ಮೊಬೈಲ್ ಬೇಕಾದರೂ ಓದೀತು. ವೈಯಕ್ತಿಕ ಮಾಹಿತಿಯನ್ನು ಯಾಕೆ ಪಡೆಯುತ್ತೇವೆಂದು ಹೇಳಿ, ಒಪ್ಪಿಗೆ ಪಡೆದು, ಅದಕ್ಕಷ್ಟೇ ಬಳಸಬೇಕೆಂದು 2023ರಲ್ಲಿ ಕಾಯ್ದೆಯೇ ಬಂದಿದೆ. ಬಸವ ಜಯಂತಿಗೆ ಕೊಟ್ಟ ವಿವರ ವಧು-ವರರ ಸಮಾವೇಶಕ್ಕೆ ಹೋಗುವುದು ಯಾವ ಒಪ್ಪಿಗೆ?

ಜನಸಂದಣಿಯ ಮಾತನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರು ಸತ್ತದ್ದು ಗೇಟಿನ ಬಳಿ ಎಂಬುದನ್ನು ಮರೆಯಬಾರದು. ಒಬ್ಬೊಬ್ಬರನ್ನೇ ನಿಲ್ಲಿಸಿ ಪರೀಕ್ಷಿಸುವ ಕಿರಿದಾದ ಬಾಗಿಲು ಸಾಲನ್ನು ಬೆಳೆಸುತ್ತದೆ, ಕರಗಿಸುವುದಿಲ್ಲ. ಪಕ್ಕದ ಯಲಹಂಕ ವಾಯುನೆಲೆಯ ಏರೋ ಇಂಡಿಯಾಕ್ಕೆ ಹೆಸರು, ಗುರುತು, ಪಾಸು ಎಲ್ಲವೂ ಬೇಕು. ಅದು ಯುದ್ಧವಿಮಾನದ ಜಾಗ. ನಮ್ಮ ಪೆಂಡಾಲಿನಲ್ಲಿರುವುದು ಚಿತ್ರಾನ್ನ, ಪಾಯಸ.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ನೋಡಿ. ಹಳ್ಳಿಹಳ್ಳಿಯ ತಾಯಂದಿರು ಬಡಿದ ಜೋಳದ ರೊಟ್ಟಿ ಲಕ್ಷಗಟ್ಟಲೆ ಬಂದು ಬೀಳುತ್ತದೆ, ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. 2019ರ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ದರ್ಶನಕ್ಕೆ ಬಂದ ಲಕ್ಷಾಂತರ ಜನರಿಗೂ ಪ್ರಸಾದ ಸಿಕ್ಕಿತು. ಆ ದುಃಖದ ದಿನವೂ ದಾಸೋಹದ ಒಲೆ ಆರಲಿಲ್ಲ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ; ದಾಸೋಹದಲ್ಲಿ ಕೊಡುವವನೇ ದಾಸ. ದಾಸ ಒಡೆಯನ ಗುರುತಿನ ಚೀಟಿ ಕೇಳುತ್ತಾನೆಯೇ?

ನಿಜವಾದ ಕಾರಣ ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ಹೊರಬಿತ್ತು. “ಕಟ್ಟಡದ ಕೆಲಸದವರೆಲ್ಲಾ ಊಟಕ್ಕೆ ಬಂದುಬಿಡ್ತಾರೆ.” ಹೌದು, ಬರುತ್ತಾರೆ. ನಮ್ಮ ಸುತ್ತ ಏಳುತ್ತಿರುವ ಅಪಾರ್ಟ್‌ಮೆಂಟುಗಳಿಗೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದವರು ತಗಡಿನ ಶೆಡ್ಡುಗಳಲ್ಲಿದ್ದಾರೆ. ಶರಣರು ಓಡಾಡಿದ ಸೀಮೆಯವರು, ಇಡೀ ದಿನ ಕಾಯಕ ಮಾಡುವವರು. ಕಾಯಕದ ಬಗ್ಗೆ ಮುಕ್ಕಾಲು ಗಂಟೆ ಉಪನ್ಯಾಸ ಒಳಗೆ. ಕಾಯಕಜೀವಿ ಗೇಟಿನ ಹೊರಗೆ, ಕೈಯಲ್ಲಿ ಕೋಡ್ ಇಲ್ಲದೆ. ಇದಕ್ಕಿಂತ ಜಯಂತಿ ಮಾಡದಿರುವುದೇ ವಾಸಿ.

ಅಡುಗೆಯವರಿಗೆ ಅಂದಾಜು ಬೇಕು, ನಿಜ. ಅದಕ್ಕೆ ತಲೆ ಎಣಿಸಿದರೆ ಸಾಕು, ಹೆಸರು ಬೇಡ. ಬಾಗಿಲಲ್ಲಿ ಒಂದು ಒತ್ತುವ ಎಣಿಕೆ ಯಂತ್ರ, ಒಳಗೆ ಎಲೆಯ ಲೆಕ್ಕ. ನಮ್ಮ ಅಡುಗೆಭಟ್ಟರು ಪಂಕ್ತಿ ನೋಡಿಯೇ ಇನ್ನೆಷ್ಟು ಅಕ್ಕಿ ಹಾಕಬೇಕೆಂದು ಹೇಳುತ್ತಾರೆ. ಹೊರಹೋಗಲು ಅಗಲವಾದ ಎರಡು ದಾರಿ ಇರಲಿ. ಮುಂದಿನ ಕುರ್ಚಿಗಳು ವಯಸ್ಸಾದವರಿಗೆ, ನಡೆಯಲಾಗದವರಿಗೆ. ಕೋಡ್ ಬೇಕೇ ಬೇಕೆನ್ನುವವರಿಗೆ ಎಲ್ಲ ಪತ್ರಿಕೆಯ ಮೇಲೂ ಒಂದೇ ಕೋಡ್ ಹಾಕೋಣ. ಒತ್ತಿದರೆ ದಾರಿಯ ನಕ್ಷೆ, ಕಾರ್ಯಕ್ರಮದ ಪಟ್ಟಿ ತೆರೆಯಲಿ.

ಕರಡು ಇನ್ನೂ ಮುದ್ರಣಾಲಯಕ್ಕೆ ಹೋಗಿಲ್ಲ. ಬರುವ ಭಾನುವಾರ ಸಮಿತಿ ಮತ್ತೆ ಸೇರುತ್ತದೆ. ಇಷ್ಟನ್ನೂ ಬರೆದು ಕೊಟ್ಟಿದ್ದೇನೆ. ಒಳಪಂಗಡದ ಕಾಲಂ ಇರುವ ಅರ್ಜಿಯಲ್ಲಿ ನಮ್ಮ ಮನೆಯ ಐವರ ಹೆಸರು ಇರುವುದಿಲ್ಲ. ಅಂದು ನಾವು ಗೇಟಿನ ಹೊರಗೆ ಆ ಕೆಲಸದವರ ಜೊತೆ ನಿಂತಿರುತ್ತೇವೆ.